ಉಪ್ಪಿಲ್ಲದ ಟ್ರೌಟು, ಎರಡನೆಯ ತುಂಡು

ಮೀನಿನ ರುಚಿ ನೋಡಿ ಸಂಬಳ ಪಡೆದವಳು ನಾನು. ಹೀಗೆ ಹೇಳಿದರೆ ಎದುರಿಗಿದ್ದವರು ನಗುತ್ತಾರೆ, ಇಲ್ಲವೇ ಆ ಕೆಲಸ ಇನ್ನೂ ಖಾಲಿ ಇದೆಯೇ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ. ನಾಳೆ ಬೆಳಿಗ್ಗೆ ಕಾಫಿ ಕುಡಿಯದೆ ಬನ್ನಿ. ಉಪ್ಪು, ಹುಳಿ, ಖಾರ, ಎಣ್ಣೆ ಏನೂ ಸೋಕದ ಬೇಯಿಸಿದ ಮೀನಿನ ತುಂಡೊಂದನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿಯಿರಿ. ನುಂಗಬೇಡಿ, ಲೋಟಕ್ಕೆ ಉಗುಳಿ. ಬಾಯಿ ಮುಕ್ಕಳಿಸಿ, ಮುಂದಿನ ತುಂಡು ತೆಗೆದುಕೊಳ್ಳಿ. ಮಧ್ಯಾಹ್ನದವರೆಗೆ ಇದನ್ನೇ ಮಾಡಿದ ಮೇಲೂ ಆಸೆ ಉಳಿದಿದ್ದರೆ ಕೆಲಸದ ಮಾತಾಡೋಣ. ಇಲ್ಲಿಯತನಕ ಯಾರೂ ಮಾತಾಡಲು ಬಂದಿಲ್ಲ.

ಈಗ ನಮ್ಮವರ ಮಕ್ಕಳೇ ಈ ಕೆಲಸಕ್ಕೆ ಸೇರುತ್ತಿದ್ದಾರೆ. ಸ್ಯಾನ್ ಹೊಸೆಯ ಒಂದು ಮದುವೆಯಲ್ಲಿ ಸಿಕ್ಕ ಹುಡುಗಿಯೊಬ್ಬಳು, "ಆಂಟಿ, ನಿಮ್ಮ ಟೈಮಲ್ಲಿ ಮೆಷೀನೇ ಇಲ್ದೆ ಟೆಸ್ಟಿಂಗು ಹೇಗ್ ಮಾಡ್ತಿದ್ರಿ?" ಎಂದು ಕೇಳಿದಳು. ನಾನು ಮೂಗು ತೋರಿಸಿದೆ. ತಮಾಷೆ ಎಂದುಕೊಂಡು ನಕ್ಕಳು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಹುದ್ದೆ ಏರಿದ ಹಾಗೆ ಕುರ್ಚಿ ಮೆತ್ತಗಾಯಿತು, ಮೀನು ಮಾತ್ರ ಕೊನೆಯವರೆಗೂ ಸಪ್ಪೆಯಾಗಿಯೇ ಉಳಿಯಿತು.

ನಾನು ಮಲ್ಪೆಯ ಕಡೆಯವಳು. ಮನೆಯ ಹಿಂದೆ ಕಡಲು. ಮಂಗಳೂರಿನಲ್ಲಿ ಮೀನುಗಾರಿಕೆಯ ವಿಷಯವನ್ನೇ ಓದಿದೆ. ಮದುವೆಯಾಗಿ, ಸ್ಯಾನ್ ಹೊಸೆಯಲ್ಲಿ ಇಂಜಿನಿಯರ್ ಆಗಿದ್ದ ದಾಮೋದರನ ಜೊತೆ ಎಂಬತ್ತರ ದಶಕದ ಮೊದಲಲ್ಲಿ ಇಲ್ಲಿಗೆ ಬಂದೆ. ಸ್ಯಾನ್ ಹೊಸೆಯಿಂದ ಒಂದು ಗಂಟೆಯ ದಾರಿಯ ಎಮರಿವಿಲ್‌ನಲ್ಲಿ ಒಂದು ಸಣ್ಣ ಆಹಾರ ಪರೀಕ್ಷಾ ಲ್ಯಾಬಿತ್ತು, ಅಲ್ಲಿ ಕೆಲಸಕ್ಕೆ ಸೇರಿದೆ. ಈಗ ಆ ಊರಿನಲ್ಲಿ ಕಾರ್ಟೂನ್ ಸಿನಿಮಾ ಮಾಡುವವರ ಸ್ಟುಡಿಯೋ, ಚಂದದ ಅಪಾರ್ಟ್‌ಮೆಂಟುಗಳು ಇವೆ. ಆಗ ಗೋದಾಮುಗಳು, ರೈಲಿನ ಹಳಿಗಳು, ಗಾಳಿ ಬೀಸಿದ ದಿಕ್ಕಿಗೆ ತಕ್ಕಂತೆ ಬದಲಾಗುವ ವಾಸನೆಗಳು. ಮೂಗಿನ ಕೆಲಸ ಮಾಡುವ ಲ್ಯಾಬನ್ನು ಅಂಥ ಜಾಗದಲ್ಲಿ ಯಾಕೆ ಇಟ್ಟರೋ, ಬಾಡಿಗೆ ಕಡಿಮೆ ಇತ್ತೆಂದು ಕಾಣುತ್ತದೆ.

ನನ್ನ ಮೇಲಧಿಕಾರಿ ಡೋರಿಸ್. ಎತ್ತರದ ಹೆಂಗಸು, ಬಿಳಿ ಕೋಟು, ದಾರದಿಂದ ಕೊರಳಿಗೆ ಕಟ್ಟಿದ ಕನ್ನಡಕ. ಅವಳು ನಗುವುದನ್ನು ನಾನು ನೋಡಿದ್ದೇ ಅಪರೂಪ. ಮೊದಲ ದಿನವೇ ನಿಯಮಗಳನ್ನು ಹೇಳಿದಳು. ಪರೀಕ್ಷೆಯ ಹಿಂದಿನ ದಿನ ಈರುಳ್ಳಿ, ಬೆಳ್ಳುಳ್ಳಿ ಕೂಡದು. ಸೆಂಟು, ಪೌಡರು ಕೂಡದು. ತಲೆಗೆ ಎಣ್ಣೆ ಕೂಡದು. ಬಟ್ಟೆಗೆ ವಾಸನೆಯಿಲ್ಲದ ಸೋಪು. ನಾನು ಇದನ್ನು ಮನೆಗೆ ತಂದೆ. ಇಂಗಿನ ಡಬ್ಬಿ ಗ್ಯಾರೇಜಿಗೆ ಹೋಯಿತು, ಊದುಬತ್ತಿ ಬಂದಾಯಿತು, ಸಾರಿಗೆ ಒಗ್ಗರಣೆ ನಿಂತಿತು. ದಾಮೋದರ ತಟ್ಟೆಯ ಮುಂದೆ ಕೂತು, "ನಾಳೆ ಮೀನಾ? ಇವತ್ತು ಮಡಿ ಶುರುವಾಯ್ತಾ?" ಎಂದು ನಿಟ್ಟುಸಿರು ಬಿಡುತ್ತಿದ್ದ. ಪಕ್ಕದ ಮನೆಯಲ್ಲಿ ಮೈಸೂರಿನ ಪದ್ಮಾ ಇದ್ದರು, ಶುದ್ಧ ಸಸ್ಯಾಹಾರಿ. ನನ್ನ ಈ ಕಟ್ಟುನಿಟ್ಟು ನೋಡಿ ಒಂದು ದಿನ, "ನಮ್ಮಜ್ಜಿನೂ ಇಷ್ಟು ಮಡಿ ಮಾಡ್ತಿರ್ಲಿಲ್ಲ ಕಣ್ರೀ ವಾರಿಜಾ. ಯಾವ ದೇವ್ರಿಗೆ ಇದು?" ಎಂದರು.

"ಮೀನಿಗೆ," ಎಂದೆ.

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ರುಚಿ ನೋಡುವ ಕೋಣೆಯಲ್ಲಿ ನಾವು ಒಬ್ಬೊಬ್ಬರೂ ಒಂದೊಂದು ಗೂಡಿನಲ್ಲಿ ಕೂರುತ್ತಿದ್ದೆವು. ಮೇಲೆ ಕೆಂಪು ದೀಪ. ಮೀನಿನ ಬಣ್ಣ ಕಂಡು ಮನಸ್ಸು ಮೊದಲೇ ತೀರ್ಮಾನ ಮಾಡಬಾರದೆಂದು ಆ ದೀಪ. ಎದುರಿನ ಸಣ್ಣ ಬಾಗಿಲಿನಿಂದ ಬಿಳಿ ಬಟ್ಟಲು ಒಳಗೆ ಬರುತ್ತಿತ್ತು. ಅದರ ಮೇಲೆ ಒಂದು ಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲ. ಒಂದರಿಂದ ಒಂಬತ್ತರವರೆಗೆ ಅಂಕ ಕೊಡಬೇಕು. ಒಂಬತ್ತು ಎಂದರೆ ಬಹಳ ಇಷ್ಟ, ಒಂದು ಎಂದರೆ ಬಟ್ಟಲನ್ನು ಎಸೆಯುವಷ್ಟು ಸಿಟ್ಟು.

ನನ್ನ ಮೊದಲ ದೊಡ್ಡ ಎಡವಟ್ಟು ಅಲ್ಲೇ ಆಯಿತು. ಆ ದಿನ ಬಂದದ್ದು ಟ್ರೌಟು. ಮೈಯ ಪಕ್ಕದಲ್ಲಿ ಗುಲಾಬಿ ಪಟ್ಟೆ ಇರುವ ಸಿಹಿನೀರಿನ ಮೀನು ಅದು. ಸಾಕಣೆ ಕೇಂದ್ರದಲ್ಲಿ ಬೆಳೆಸಿ ಇಲ್ಲಿನ ಕೆರೆಗಳಿಗೆ ತಂದು ಬಿಡುತ್ತಾರೆ, ಗಾಳ ಹಾಕುವವರು ಹಿಡಿದು ಮನೆಗೆ ಒಯ್ಯುತ್ತಾರೆ. ಒಂದು ಬಟ್ಟಲಿನ ಮೀನಿಗೆ ಉಳಿದವರೆಲ್ಲ ಎರಡು, ಮೂರು ಅಂಕ ಕೊಟ್ಟರು. ನಾನು ಎಂಟು ಕೊಟ್ಟೆ. ಡೋರಿಸ್ ನನ್ನನ್ನು ಕರೆಸಿ, "ಏನು ರುಚಿ ಕಂಡಿತು ನಿನಗೆ?" ಎಂದಳು.

"ಹೊಸ ಮಣ್ಣಿನ ಮಡಕೆಯಲ್ಲಿಟ್ಟ ನೀರಿನ ಪರಿಮಳ," ಎಂದೆ.

"ಪರಿಮಳ?" ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು. "ಅದು ಕೆಸರಿನ ವಾಸನೆ. ಈ ಮೀನಿನ ಮೇಲೆ ಜನ ದೂರು ಕೊಟ್ಟಿದ್ದೇ ಅದಕ್ಕೆ!"

ಆಮೇಲೆ ತಿಳಿಯಿತು. ಬೇಸಿಗೆಯಲ್ಲಿ ಕೆರೆ ಬಿಸಿಯಾದಾಗ ಬೆಳೆಯುವ ಒಂದು ಜಾತಿಯ ಪಾಚಿಯಿಂದ ಮಣ್ಣಿನ ವಾಸನೆಯ ವಸ್ತುವೊಂದು ನೀರಿಗೆ ಬರುತ್ತದೆ, ಮೀನಿನ ಕಿವಿರಿನಿಂದ ಒಳಗೆ ಹೋಗಿ ಚರ್ಮದ ಅಡಿಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಒಣನೆಲಕ್ಕೆ ನೀರು ಬಿದ್ದಾಗ ಏಳುವ ವಾಸನೆಯೂ ಅದರದ್ದೇ. ಇಲ್ಲಿನವರಿಗೆ ಅದು ನೆಲಮಾಳಿಗೆ, ಕೊಳೆ. ನನಗೋ ಬೇಸಿಗೆಯ ಮಧ್ಯಾಹ್ನ ನಮ್ಮಮ್ಮ ಮಡಕೆಯಿಂದ ಬಗ್ಗಿಸಿ ಕೊಡುತ್ತಿದ್ದ ತಣ್ಣೀರು. ಮೂಗು ಹುಟ್ಟಿದೂರಿನದ್ದು, ಸಂಬಳ ಈ ಊರಿನದ್ದು. ನಿಮಗೆ ಏನು ಇಷ್ಟ ಎಂಬುದಕ್ಕೂ ಅಲ್ಲಿ ಏನು ಇದೆ ಎಂಬುದಕ್ಕೂ ವ್ಯತ್ಯಾಸ ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ನೀವು ಬೇಗ ಕಲಿಯಿರಿ.

ಡೋರಿಸ್ ಇನ್ನೊಂದು ಪಾಠ ಹೇಳಿಕೊಟ್ಟಳು. ಅದನ್ನು ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ. "ಜನ ಬಾಯಿಂದ ಹೇಳುವುದನ್ನು ಬರೆದುಕೋ, ಆದರೆ ನಂಬಬೇಡ. ಎರಡನೆಯ ತುಂಡಿಗೆ ಕೈ ಹೋಗುತ್ತದೆಯೇ ನೋಡು. ಮೊದಲನೆಯದು ಮರ್ಯಾದೆಗೆ ತಿನ್ನುತ್ತಾರೆ. ಎರಡನೆಯದನ್ನು ಯಾರೂ ಮರ್ಯಾದೆಗೆ ತಿನ್ನುವುದಿಲ್ಲ."

ಗಾಳ ಹಾಕುವವರ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷಗಳಲ್ಲಿ, ತಾನೇ ಹಿಡಿದ ಮೀನು ಚೆನ್ನಾಗಿರಲಿಲ್ಲ ಎಂದು ಒಪ್ಪಿಕೊಂಡ ಒಬ್ಬನನ್ನೂ ನಾನು ಕಂಡಿಲ್ಲ. ಕೆಟ್ಟದಾಗಿದ್ದದ್ದು ಯಾವಾಗಲೂ ಭಾವಮೈದುನ ಹಿಡಿದ ಮೀನು. ಒಬ್ಬ ಹಲ್ಲಿನ ಡಾಕ್ಟರು ಕೆರೆಯ ಮೇಲೆ ದೂರು ಹೊತ್ತುಕೊಂಡು ಲ್ಯಾಬಿಗೇ ಬಂದರು. ಮೀನನ್ನು ಹೇಗೆ ಒಯ್ದಿರಿ ಎಂದು ಕೇಳಿದೆ. ಬೆಳಿಗ್ಗೆ ಹಿಡಿದದ್ದನ್ನು ಹಗ್ಗಕ್ಕೆ ಪೋಣಿಸಿ ದಡದ ಬೆಚ್ಚನೆಯ ನೀರಿನಲ್ಲಿ ಬಿಟ್ಟರಂತೆ. ಸಂಜೆ ಕಾರಿನ ಡಿಕ್ಕಿಗೆ ಹಾಕಿದರಂತೆ. ದಾರಿಯಲ್ಲಿ ಗೆಳೆಯನ ಮನೆಗೆ ಹೋಗಿ ಕುಡಿದು ಕೂತರಂತೆ. ಮನೆಗೆ ಬಂದು ಫ್ರೀಜರಿಗೆ ಎಸೆದವರು ಮರುವರ್ಷ ತೆಗೆದು ಬೇಯಿಸಿದರಂತೆ. "ಡಾಕ್ಟರೇ, ನಿಮ್ಮ ಪೇಷೆಂಟುಗಳನ್ನೂ ಹೀಗೇ ನೋಡಿಕೊಳ್ಳುತ್ತೀರಾ?" ಎಂದು ಕೇಳಿಬಿಟ್ಟೆ. ಡೋರಿಸ್ ನನ್ನನ್ನು ಒಳಗೆ ಕರೆದು ಬೈದಳು. ಬೈಯುವಾಗ ಅವಳ ತುಟಿಯ ಒಂದು ಮೂಲೆ ಅಲುಗಿದ್ದನ್ನು ನಾನು ಕಂಡೆ.

ಈಗ ಅರ್ನಿಯ ಕಥೆ. ಮಾರ್ಗನ್ ಹಿಲ್‌ನ ಆಚೆ, ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗುವ ಗುಡ್ಡಗಳ ನಡುವೆ ಒಂದು ಜಲಾಶಯ. ಅದರ ದಡದಲ್ಲಿ ಅರ್ನಿ ಒಂದು ಅಂಗಡಿ ಇಟ್ಟಿದ್ದ. ದೋಣಿ ಬಾಡಿಗೆಗೆ, ಗಾಳ, ಎರೆಹುಳು, ತಣ್ಣಗಿನ ಸೋಡಾ ಮಾರಾಟಕ್ಕೆ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಅವನಿಗೆ ಮನೆಯೆಂದರೂ ಅದೇ, ಬದುಕೆಂದರೂ ಅದೇ. ಆ ಕೆರೆಯ ಮೀನು ಕೆಸರು ಕೆಸರು ಎಂಬ ದೂರು ಜಾಸ್ತಿಯಾದಾಗ ಆ ಜಾಗ ನೋಡಿಕೊಳ್ಳುವ ಪಾರ್ಕಿನ ಅಧಿಕಾರಿ ಬೆಲ್ ನಮ್ಮ ಲ್ಯಾಬಿಗೆ ಪರೀಕ್ಷೆ ವಹಿಸಿದರು. ಮೀನು ತಿನ್ನಲು ಲಾಯಕ್ಕಿಲ್ಲ ಎಂದು ನಾವು ಹೇಳಿದರೆ ಅಲ್ಲಿಗೆ ಟ್ರೌಟು ಬಿಡುವುದನ್ನೇ ನಿಲ್ಲಿಸುತ್ತಾರೆ. ಟ್ರೌಟು ಇಲ್ಲದಿದ್ದರೆ ಗಾಳದವರಿಲ್ಲ. ಅವರಿಲ್ಲದಿದ್ದರೆ ಅರ್ನಿಯ ಅಂಗಡಿಗೆ ಬೀಗ.

ನಾನು ಮೊದಲ ಸಲ ಹೋದಾಗ ಅರ್ನಿ ಎದೆ ಮುಟ್ಟಿಕೊಂಡು ಹೇಳಿದ, "ನೋಡಮ್ಮ, ಇಡೀ ಕೌಂಟಿಯಲ್ಲಿ ಇಂಥ ಸಿಹಿಯಾದ ಮೀನು ಇನ್ನೊಂದು ಕೆರೆಯಲ್ಲಿಲ್ಲ. ನನ್ನ ಮಾತು ನಂಬು. ಸ್ಯಾಂಪಲ್ ಮೀನು ನಾನೇ ಹಿಡಿಸಿ ಕಳಿಸ್ತೀನಿ. ನೀನ್ಯಾಕೆ ಅಷ್ಟು ದೂರ ಡ್ರೈವ್ ಮಾಡ್ತೀಯಾ?"

ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ಹೇಳಿದ ದಿನಕ್ಕೆ ಐಸು ತುಂಬಿದ ಪೆಟ್ಟಿಗೆ ಬಂತು. ಒಂದಕ್ಕಿಂತ ಒಂದು ಚಂದದ ಮೀನು. ನಮ್ಮೂರಿನಲ್ಲಿ ಮೀನು ಕೊಳ್ಳುವಾಗ ಕಣ್ಣು ನೋಡುತ್ತೇವೆ, ಕಿವಿರು ಎತ್ತುತ್ತೇವೆ, ಬಾಯಿ ಬಿಡಿಸುತ್ತೇವೆ. ಅಭ್ಯಾಸಬಲದಿಂದ ಬಾಯಿ ಬಿಡಿಸಿದೆ. ಗಾಯವೇ ಇಲ್ಲ. ಇನ್ನೊಂದರ ಬಾಯಿ ನೋಡಿದೆ, ಅದಕ್ಕೂ ಇಲ್ಲ. ಪೆಟ್ಟಿಗೆಯ ಒಂದು ಮೀನಿಗೂ ಗಾಳ ಚುಚ್ಚಿದ ಗುರುತಿಲ್ಲ. ಫೋನ್ ಮಾಡಿದೆ.

"ಅರ್ನಿ, ಈ ಮೀನೆಲ್ಲ ಗಾಳಕ್ಕೇ ಸಿಕ್ಕಿದ್ದಾ?"

"ಮತ್ತೆ? ನನ್ನ ಕಣ್ಣೆದುರಿಗೇ ಎಳೆದಿದ್ದು!"

"ಬಾಯಲ್ಲಿ ಒಂದು ಗೀರೂ ಇಲ್ಲವಲ್ಲ. ದಾರವನ್ನು ಕೈಯಲ್ಲಿ ಹಿಡ್ಕೊಂಡು ಹತ್ತಿ ಬಂದ್ವಾ?"

ಆ ಕಡೆಯಿಂದ ಗೊಗ್ಗರು ದನಿಯ ನಗು. ಬೆಟ್ಟದ ಮೇಲಿನ ತಣ್ಣೀರಿನ ಫಾರಮ್ಮಿನಿಂದ ಕೊಂಡು ತಂದಿದ್ದನಂತೆ. "ಅಂಗಡಿ ಉಳಿಸ್ಕೊಳ್ಬೇಕಲ್ಲಮ್ಮ," ಎಂದ. ಆ ಒಂದು ಮಾತಿನಲ್ಲಿ ನಗುವಿರಲಿಲ್ಲ. ಆದರೂ ಡೋರಿಸ್‌ಗೆ ಹೇಳಲೇಬೇಕಾಯಿತು. ಇನ್ನು ಮುಂದೆ ಗಾಳ ಹಾಕಿದವನ ಕೈಯಿಂದಲೇ ನೇರವಾಗಿ ಮೀನು ತೆಗೆದುಕೊಂಡು ಬಾ ಎಂದು ಅವಳು ನನಗೆ ಆಜ್ಞೆ ಮಾಡಿದಳು.

ಗಾಳದವರು ಸೇರುವುದು ಶನಿವಾರ. ಲ್ಯಾಬು ತೆರೆಯುವುದು ಸೋಮವಾರ. ಹಾಗಾಗಿ ಮೀನು ಎಮರಿವಿಲ್‌ಗೆ ಹೋಗುವ ಮೊದಲು ಸ್ಯಾನ್ ಹೊಸೆಯ ನಮ್ಮ ಮನೆಯ ಫ್ರಿಜ್ಜಿನಲ್ಲಿ ಭಾನುವಾರ ಕಳೆಯಬೇಕಿತ್ತು. ಕೆರೆಯ ಮೀನನ್ನೂ, ಹೋಲಿಸಿ ನೋಡಲು ಫಾರಮ್ಮಿನ ಶುದ್ಧ ನೀರಿನ ಮೀನನ್ನೂ ಸಿಕ್ಕ ಜಾಗದಲ್ಲೇ ಹೊಟ್ಟೆ ಸೀಳಿ ಸ್ವಚ್ಛ ಮಾಡಿ, ಒಂದೊಂದನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಚೀಟಿ ಅಂಟಿಸಿ, ಐಸಿನಲ್ಲಿಟ್ಟು ತಂದೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಜೋಡಿಸಿದೆ.

ಆ ವಾರವೇ ದಾಮೋದರನ ಅಮ್ಮ, ಅಂದರೆ ನಮ್ಮ ಅತ್ತೆ, ಊರಿನಿಂದ ಬಂದಿದ್ದರು. ಕಡಲ ದಡದಲ್ಲಿ ಮೀನು ಮಾರಿ ನಾಲ್ಕು ಮಕ್ಕಳನ್ನು ಓದಿಸಿದ ಹೆಂಗಸು. ಮೀನಿನ ವಿಷಯದಲ್ಲಿ ಅವರ ಮಾತಿಗೆ ಎದುರಾಡುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಭಾನುವಾರ ನಾವಿಬ್ಬರೂ ಪರಿಚಯದವರ ಮನೆಯ ಪೂಜೆಗೆ ಹೊರಟಾಗ ಅತ್ತೆ, ವಿಮಾನದ ಆಯಾಸ ಇನ್ನೂ ಇಳಿದಿಲ್ಲ ಎಂದು ಮನೆಯಲ್ಲೇ ಉಳಿದರು. ನಾವು ತಿರುಗಿ ಬಂದಾಗ ಸೋಫಾದ ಮೇಲೆ ನೆಮ್ಮದಿಯಾಗಿ ಮಲಗಿದ್ದರು. ಫ್ರಿಜ್ಜು ತೆಗೆದು ನೋಡಿದೆ. ಹಾಳೆ, ಚೀಟಿ, ಸಾಲು, ಎಲ್ಲ ನಾನಿಟ್ಟ ಹಾಗೇ ಇತ್ತು.

ಸೋಮವಾರ ಬೆಳಿಗ್ಗೆ ಕೆಂಪು ದೀಪದ ಅಡಿಯಲ್ಲಿ ಕೂತೆ. ಬಟ್ಟಲು ಬಂತು. ತುಂಡು ಬಾಯಿಗಿಟ್ಟೆ. ಅಗಿದೆ. ಅಗಿಯುವುದನ್ನು ನಿಲ್ಲಿಸಿದೆ.

ಉಪ್ಪು! ಅದರ ಹಿಂದೆ ಹದವಾದ ಹುಣಸೆಹುಳಿ. ನಾಲಿಗೆಯ ಬದಿಯಲ್ಲಿ ಅರಿಸಿನದ ಸಣ್ಣ ನೆರಳು. ಕೆಸರಿನ ಸುಳಿವೇ ಇಲ್ಲ. ಎಮರಿವಿಲ್‌ನ ಆ ಗೂಡಿನಲ್ಲಿ ಕೂತ ನನಗೆ ಒಂದು ಗಳಿಗೆ ನಮ್ಮ ಮನೆಯ ಹಿತ್ತಲಿನ ಮೀನು ತೊಳೆಯುವ ಕಲ್ಲು ಕಣ್ಣೆದುರಿಗೆ ಬಂತು. ಅದರ ಬೆನ್ನಿಗೇ ಅತ್ತೆಯ ಮುಖವೂ ಬಂತು. ತೊಳೆದು ಉಳಿದ ಅರಿಸಿನದ ತೆಳು ಹಳದಿ ಬೇಯಿಸಿದವರ ಕಣ್ಣಿಗೆ ಬಿದ್ದಿರಲಿಲ್ಲ, ನಮ್ಮಿಂದ ಅದನ್ನು ಕೆಂಪು ದೀಪ ಮುಚ್ಚಿಟ್ಟಿತ್ತು.

ಪಕ್ಕದ ಗೂಡುಗಳಲ್ಲಿ ಎಂದೂ ಇಲ್ಲದ ಸದ್ದು. ಯಾರೋ ಬಟ್ಟಲು ಕೆರೆಯುತ್ತಿದ್ದರು. ಇನ್ಯಾರೋ ಸಣ್ಣ ಬಾಗಿಲು ತಟ್ಟಿ, "ಇನ್ನೊಂದು ಸಿಗುತ್ತಾ?" ಎಂದು ಕೇಳಿದರು. ಪರೀಕ್ಷೆ ಮುಗಿದ ಮೇಲೆ ಡೋರಿಸ್ ಉಗುಳುವ ಲೋಟಗಳನ್ನು ಸಾಲಾಗಿಟ್ಟು ನೋಡುತ್ತ ನಿಂತಳು. ಎಲ್ಲ ಖಾಲಿ. ಎಲ್ಲರೂ ನುಂಗಿದ್ದರು.

ಅಂಕಗಳೂ ಹಾಗೆಯೇ ಏರಿದ್ದವು. ಡೋರಿಸ್ ಕನ್ನಡಕ ತೆಗೆದು ಒರೆಸಿ ಹೇಳಿದಳು, "ಆಶ್ಚರ್ಯ. ಈ ಕೆರೆ ಗೆದ್ದುಬಿಟ್ಟಿತು ವಾರಿಜಾ. ಇವತ್ತೇ ಬೆಲ್‌ಗೆ ಫೋನ್ ಮಾಡ್ತೀನಿ."

ಅರ್ನಿಯ ಅಂಗಡಿ ಉಳಿಯಲು ನಾನು ಸುಮ್ಮನಿದ್ದರೆ ಸಾಕಿತ್ತು. ಒಂದು ಮಾತೂ ಆಡಬೇಕಿರಲಿಲ್ಲ. ಸುಮ್ಮನಿರಲು ನಿಜವಾಗಿಯೂ ಆಸೆಯಾಯಿತು. ಆದರೆ ಮುಂದಿನ ಶನಿವಾರ ಆ ಕೆರೆಯ ಮೀನನ್ನು ಮನೆಗೆ ಒಯ್ಯುವವನ ಅಡುಗೆಮನೆಯಲ್ಲಿ ನಮ್ಮ ಅತ್ತೆ ಇರುವುದಿಲ್ಲವಲ್ಲ.

"ಗೆದ್ದದ್ದು ಕೆರೆಯಲ್ಲ ಡೋರಿಸ್," ಎಂದೆ. "ನಮ್ಮ ಅತ್ತೆ."

ಸಂಜೆ ಮನೆಗೆ ಬಂದು ಅತ್ತೆಯನ್ನು ವಿಚಾರಿಸಿದೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಹೌದು, ತೊಳ್ದೆ. ಎಂತ ಈಗ?" ಎಂದರು ಸ್ವಲ್ಪವೂ ಅಳುಕಿಲ್ಲದೆ. "ಫ್ರಿಜ್ಜು ತೆಗೆದ್ರೆ ಗದ್ದೆಯ ಕೆಸರಿನ ವಾಸನೆ. ಸೊಸೆಗೆ ಮೀನು ತೊಳಿಲಿಕ್ಕೂ ಪುರುಸೊತ್ತಿಲ್ಲ, ಪಾಪ ಅಂತ ಉಪ್ಪು, ಹುಳಿ, ಅರಿಸಿನ ಹಾಕಿ ತಿಕ್ಕಿ, ತೊಳ್ದು, ಮೊದಲಿನ ಹಾಗೇ ಸುತ್ತಿ ಇಟ್ಟೆ. ಉಪಕಾರ ಮಾಡಿದ್ದಕ್ಕೆ ಜಗಳ ಮಾಡ್ತಿಯಾ ಮಾರಾಯ್ತಿ?"

"ಅತ್ತೆ, ಅದು ಪರೀಕ್ಷೆಗೆ ತಂದ ಮೀನು. ಉಪ್ಪಿಲ್ಲದೆ ತಿನ್ಲಿಕ್ಕಿತ್ತು."

"ಉಪ್ಪಿಲ್ಲದೆಯಾ?" ಅತ್ತೆ ಗಲ್ಲದ ಮೇಲೆ ಕೈಯಿಟ್ಟರು. "ಯಾವ ತಪ್ಪಿಗೆ?"

ಪರೀಕ್ಷೆ ಮತ್ತೆ ಮಾಡಿದೆವು, ಈ ಸಲ ತೊಳೆಯದ ಮೀನಿನಲ್ಲಿ. ಕೆಸರು ಇತ್ತು, ಧಾರಾಳವಾಗಿ ಇತ್ತು. ನಾನೇ ಹೋಗಿ ಅರ್ನಿಗೆ ಹೇಳಿದೆ. ಅವನು ಎರೆಹುಳುವಿನ ಡಬ್ಬಿಗಳನ್ನು ಸುಮ್ಮನೆ ಎತ್ತಿ ಎತ್ತಿ ಇಟ್ಟ. ಅತ್ತೆಯ ಕೆಲಸವನ್ನೂ ವಿವರಿಸಿದಾಗ ತಲೆಯೆತ್ತಿ, "ನಿನಗಿಂತ ನಿನ್ನ ಅತ್ತೆಯೇ ವಾಸಿ," ಎಂದ.

ಡೋರಿಸ್‌ಗೆ ಮಾತ್ರ ಆ ಖಾಲಿ ಲೋಟಗಳು ಮನಸ್ಸಿನಿಂದ ಹೋಗಿರಲಿಲ್ಲ. "ನಿನ್ನ ಅತ್ತೆಯನ್ನು ಕರೆದುಕೊಂಡು ಬಾ. ಅವರು ಏನು ಮಾಡಿದರೋ ನನ್ನ ಕಣ್ಣೆದುರಿಗೆ ಮಾಡಲಿ," ಎಂದಳು.

ಅತ್ತೆ ಹೊರಡುವ ಸಂಭ್ರಮ ನೋಡಬೇಕಿತ್ತು. ಸೊಸೆಯ ಆಫೀಸಿಗೆ ಹೋಗುವುದೆಂದರೆ ಸುಮ್ಮನೆಯೇ? ರೇಷ್ಮೆ ಸೀರೆ, ಅದರ ನುಸಿಗುಳಿಗೆಯ ವಾಸನೆ ಸಮೇತ. ತಲೆಗೆ ತೊಟ್ಟಿಕ್ಕುವಷ್ಟು ತೆಂಗಿನೆಣ್ಣೆ. ಮಂಡಿಗೆ ನೀಲಗಿರಿ ಎಣ್ಣೆ. ಬಾಯಲ್ಲಿ ಎಲೆ ಅಡಿಕೆ. ನಾನು ಕೈ ಮುಗಿದು ಬೇಡಿಕೊಂಡದ್ದಕ್ಕೆ ಎಲೆ ಅಡಿಕೆಯನ್ನಷ್ಟೇ ಉಗುಳಿದರು. ಊದುಬತ್ತಿಗೂ ಪ್ರವೇಶವಿಲ್ಲದ ಲ್ಯಾಬಿನೊಳಗೆ ಅವರು ಕಾಲಿಟ್ಟ ಕೂಡಲೇ ಡೋರಿಸ್ ಕಿಟಕಿಗಳನ್ನೆಲ್ಲ ತೆರೆದಳು. ಆ ದಿನದ ಉಳಿದ ಪರೀಕ್ಷೆಗಳೆಲ್ಲ ರದ್ದಾದವು.

ಅತ್ತೆ ಸೆರಗು ಸಿಕ್ಕಿಸಿ ಸಿಂಕಿನ ಮುಂದೆ ನಿಂತರು. ಡೋರಿಸ್ ಪೆನ್ಸಿಲ್ ಹಿಡಿದು ಪಕ್ಕದಲ್ಲಿ ನಿಂತಳು. ಎಷ್ಟು ಉಪ್ಪು ಎಂದು ಡೋರಿಸ್ ಕೇಳಿದಳು. ಅತ್ತೆ ಹಿಡಿ ತೋರಿಸಿದರು. ಎಷ್ಟು ಹೊತ್ತು ಎಂದಳು. "ವಾಸನೆ ಹೋಗುವಷ್ಟು ಹೊತ್ತು ಅಂತ ಹೇಳು ಅವಳಿಗೆ. ಮೂಗಿಲ್ವಾ ಅವಳಿಗೆ?" ಎಂದರು ಅತ್ತೆ. ನಾನು ಮೊದಲರ್ಧವನ್ನಷ್ಟೇ ಇಂಗ್ಲಿಷಿಗೆ ತಂದೆ. ಮುಂದೆ ಡೋರಿಸ್ ತಾನೇ ತೂಕ ಮಾಡಿ, ಹುಣಸೆಹುಳಿಯಲ್ಲಿ, ವಿನೆಗರಿನಲ್ಲಿ, ನಿಂಬೆರಸದಲ್ಲಿ, ಬರಿಯ ನೀರಿನಲ್ಲಿ ತೊಳೆದು ನೋಡಿದಳು. ಚರ್ಮ ಸುಲಿದು, ಹೊಟ್ಟೆಯ ಕೊಬ್ಬು ತೆಗೆದು, ಹುಳಿಯಲ್ಲಿ ತೊಳೆದರೆ ಕೆಸರಿನ ವಾಸನೆ ಇಲ್ಲವೆನ್ನುವಷ್ಟು ಇಳಿಯುತ್ತಿತ್ತು. ವಿನೆಗರೂ ನಡೆಯುತ್ತಿತ್ತು. ಅತ್ತೆ ಅದನ್ನು ಒಪ್ಪಲಿಲ್ಲ. ಡೋರಿಸ್ ಎರಡೂ ವಿಷಯ ಹಾಗೇ ಬರೆದಳು: ಬಿಸಿಲು ತಿಂಗಳಲ್ಲಿ ಮೀನಿಗೆ ಕೆಸರಿನ ರುಚಿ ಇದೆ, ಹೀಗೆ ತೊಳೆದರೆ ಹೋಗುತ್ತದೆ.

ಬೆಲ್‌ಗೆ ಇದು ಸಾಕಾಗಲಿಲ್ಲ. "ನಾನೇ ಒಂದು ಶನಿವಾರ ಕೆರೆಗೆ ಬರುತ್ತೇನೆ, ಅಲ್ಲೇ ಹಿಡಿದು ಅಲ್ಲೇ ಬೇಯಿಸಿ ತೋರಿಸಿ, ಅಂದೇ ತೀರ್ಮಾನ," ಎಂದರು.

ಆ ಶನಿವಾರ ನಾನೂ ಅತ್ತೆಯೂ ಡೋರಿಸ್ ಜೊತೆ ಕೆರೆಗೆ ಹೋದಾಗ ಅರ್ನಿ ಗಡ್ಡ ಬೋಳಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತಿದ್ದ. ಗಾಳದವರು ಮರದ ಬೆಂಚುಗಳ ಸುತ್ತ ಸೇರಿದ್ದರು. ಅತ್ತೆ ಅವರ ಕೈಯಿಂದ ಮೀನು ಕಿತ್ತುಕೊಂಡು ತೊಳೆದು, ಉಪ್ಪು, ಹುಳಿ, ಖಾರ ಮೆತ್ತಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರು. ಹೊಗೆ ಏಳುತ್ತಿದ್ದಂತೆ ಆಚೆ ದೋಣಿಯಲ್ಲಿದ್ದವರೂ ದಡಕ್ಕೆ ತಿರುಗಿದರು. ಖಾರಕ್ಕೆ ಮೂಗೊರೆಸುತ್ತ, ಕಣ್ಣೊರೆಸುತ್ತ ಎಲ್ಲರೂ ತಿಂದರು.

ನಾನು ತಟ್ಟೆಯನ್ನು ಬೆಲ್ ಮುಂದಿಟ್ಟೆ. ಅವರು ಅದನ್ನು ಮೆಲ್ಲಗೆ ಅರ್ನಿಯ ಮುಂದಕ್ಕೆ ಸರಿಸಿದರು. "ನನಗೆ ಮೀನೇ ಸೇರೋದಿಲ್ಲ. ನೀನು ತಿನ್ನು ಅರ್ನಿ. ನಾನು ನಿನ್ನ ಮುಖ ನೋಡ್ತೀನಿ."

ಅರ್ನಿ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಕೆರೆಯ ಕಡೆ ನೋಡಿದ. ನನ್ನ ಕಡೆ ನೋಡಿದ. ಆಗ ನನಗೆ ಹೊಳೆಯಿತು. ಇಡೀ ಕೌಂಟಿಯಲ್ಲಿ ಇಂಥ ಮೀನಿಲ್ಲ ಎಂದು ಎದೆ ಮುಟ್ಟಿಕೊಂಡವನು ಈ ಕೆರೆಯ ಮೀನನ್ನು ಒಮ್ಮೆಯೂ ತಿಂದಿರಲಿಲ್ಲ!

ಅತ್ತೆಗೂ ಹೊಳೆದಿರಬೇಕು. ಸೌಟು ಹಿಡಿದೇ ಬಂದು ಅವನ ತಲೆಯ ಮೇಲೆ ನಿಂತರು. "ತಿನ್ನು ಮಗ. ವಿಷ ಹಾಕಿಲ್ಲ."

ಭಾಷೆ ಬೇಕಾಗಲಿಲ್ಲ. ಅರ್ನಿ ಕಣ್ಣು ಮುಚ್ಚಿ ಬಾಯಿಗಿಟ್ಟ. ಅಗಿದ. ಇನ್ನೂ ಅಗಿದ. ನಾನು ಅವನ ಮುಖ ನೋಡಲಿಲ್ಲ, ಕೈ ನೋಡಿದೆ. ಡೋರಿಸ್ ಕೂಡ ಕೈಯನ್ನೇ ನೋಡುತ್ತಿದ್ದಳು. ಅದು ಮೆಲ್ಲಗೆ ಮೇಜಿನಿಂದ ಎದ್ದು ತಟ್ಟೆಯ ಕಡೆ ಹೋಯಿತು, ಎರಡನೆಯ ತುಂಡನ್ನು ಎತ್ತಿತು.

"ಅರ್ನಿ, ನಿನ್ನ ಕೆರೆಯ ಮೀನು ಇದೇ ಮೊದಲ ಸಲ ತಿನ್ನೋದಾ?" ಎಂದರು ಬೆಲ್.

"ತಿನ್ನುವಾಗ ಮಾತಾಡಿಸಬೇಡಿ," ಎಂದ ಅರ್ನಿ, ಬಾಯಿ ತುಂಬಿಕೊಂಡು.

ಬೆಲ್ ಜೋರಾಗಿ ನಕ್ಕರು. ಬಿಸಿಲು ತಿಂಗಳಲ್ಲಿ ಟ್ರೌಟು ಬಿಡುವುದು ಬೇಡ, ನೀರು ತಣ್ಣಗಾದ ಮೇಲೆ ಬಿಡೋಣ, ಅಂಗಡಿ ಇರಲಿ ಎಂದು ತೀರ್ಮಾನಿಸಿದರು. ದಡದಲ್ಲಿ ಒಂದು ನಲ್ಲಿ, ಒಂದು ಮೇಜು, ಒಂದು ಡಬ್ಬಿ ಉಪ್ಪು, ಒಂದು ಬಾಟಲಿ ವಿನೆಗರು ಇಟ್ಟು, ಮೀನು ತೊಳೆಯುವುದನ್ನು ಬಂದವರಿಗೆಲ್ಲ ಅರ್ನಿ ಕಲಿಸಬೇಕೆಂದರು. ಅರ್ನಿ ಅತ್ತೆಯ ಎರಡೂ ಕೈ ಹಿಡಿದುಕೊಂಡ. ನನಗೆ ಕಣ್ಣು ತುಂಬಿತು. ಅದು ಖಾರಕ್ಕಲ್ಲ.

ಅತ್ತೆ ಮಾತ್ರ ಒಂದು ಚೂರೂ ಬಾಯಿಗೆ ಹಾಕಿರಲಿಲ್ಲ. ಯಾಕೆ ಎಂದು ಬೆಲ್ ಕೇಳಿದರು. "ನಾನು ಕಡಲಿನವಳು. ಬಂಗುಡೆ ತಿಂದ ಬಾಯಿಗೆ ಕೆರೆ ಮೀನು ಮೀನಾ?" ಎಂದರು ಅತ್ತೆ. ವ್ರತ ಎಂದು ನಾನು ಅನುವಾದ ಮಾಡಿದೆ.

ಮುಂದೆ ನಮ್ಮ ಲ್ಯಾಬಿಗೂ ಯಂತ್ರ ಬಂತು. ಕೆಸರಿನ ವಸ್ತು ನೀರಿನಲ್ಲಿ ಕಣದಷ್ಟಿದ್ದರೂ ಅದು ಹಿಡಿದು ತೋರಿಸುತ್ತದೆ. ಒಳ್ಳೆಯ ಯಂತ್ರ. ಅದಕ್ಕೆ ಹಿಂದಿನ ದಿನ ಒಗ್ಗರಣೆ ಬಿಡಬೇಕಾಗಿಲ್ಲ, ದಾಮೋದರ ಅದಕ್ಕೆ ಕೈ ಮುಗಿದ. ಎಷ್ಟಿದೆ ಎಂದು ಅದು ಹೇಳುತ್ತದೆ. ತಿನ್ನುತ್ತಾರೆಯೇ ಎಂದು ಕೇಳಿದರೆ ಮಾತ್ರ ಅದರ ಬಳಿ ಉತ್ತರವಿಲ್ಲ. ಅದನ್ನು ನೀವೇ ನೋಡಬೇಕು ಮಕ್ಕಳೇ.

ಅತ್ತೆ ಊರಿಗೆ ಹೊರಡುವ ಮುಂಚೆ ಚಳಿಗಾಲದ ಒಂದು ಸಂಜೆ ಅರ್ನಿ ನಮ್ಮ ಮನೆಗೆ ಬಂದ. ಕೈಯಲ್ಲಿ ಎರಡು ಟ್ರೌಟು, ತಾನೇ ತೊಳೆದು ತಂದದ್ದು. ಅತ್ತೆ ದೀಪದ ಕೆಳಗೆ ಹಿಡಿದು, ಕಿವಿರಿನ ಹಿಂದೆ ಬೆರಳು ಹಾಕಿ, "ಇಲ್ಲಿ ಸ್ವಲ್ಪ ಉಳ್ದಿದೆ ನೋಡು," ಎಂದು ಗದರಿ, ತೆಂಗಿನಕಾಯಿ ಅರೆದು ಸಾರು ಮಾಡಿದರು. ಅರ್ನಿ ಉಂಡು, ಬೆವರೊರೆಸಿಕೊಂಡು ಹೋದ. ದಾಮೋದರನೂ ಎದ್ದ. ಮನೆಗೆ ತಂದುಕೊಟ್ಟದ್ದನ್ನು ಬಿಡಬಾರದೆಂದು ಅತ್ತೆ ಒಂದು ಸಣ್ಣ ತುಂಡು ತಟ್ಟೆಗೆ ಹಾಕಿಕೊಂಡು ತಿಂದರು.

"ಒಂಬತ್ತರಲ್ಲಿ ಎಷ್ಟು ಅಂಕ ಅತ್ತೆ?" ಎಂದೆ.

"ಮೂರು ಕೊಡು. ಪಾಪ, ಅಷ್ಟು ದೂರದಿಂದ ತಂದಿದ್ದಾನೆ."

ನಾನು ನೀರು ತರಲು ಎದ್ದೆ. ತಿರುಗಿ ನೋಡುವಾಗ ಅತ್ತೆಯ ಕೈ ಪಾತ್ರೆಯಲ್ಲಿತ್ತು, ತಲೆಯ ತುಂಡಿನ ಮೇಲೆಯೇ. ನನ್ನ ನೋಟ ಎಲ್ಲಿ ಬಿದ್ದಿದೆಯೆಂದು ಅವರಿಗೆ ತಿಳಿಯಿತು.

"ಎಂತ ನೋಡುದು?" ಎಂದರು ತುಂಡನ್ನು ತಟ್ಟೆಗೆ ಹಾಕಿಕೊಳ್ಳುತ್ತ. "ಬೆಕ್ಕಿಗೆ ಹಾಕ್ಲಿಕ್ಕೆ ತೆಗ್ದದ್ದು."

ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ.